ರವಿವಾರದ ಕಣ್ಣೀರು: ‘ಸತ್ಯಮೇವ ಜಯತೇ’ ಕುರಿತು ಒಂದು ಮರುವಿಚಾರ

2012ನೆಯ ಇಸವಿಯ ಮೇ 6ನೆಯ ತಾರೀಖು, ರವಿವಾರ. ಬೆಳಗಿನ ಹನ್ನೊಂದರ ಹೊತ್ತಿಗೆ ಜತ್ತದ ನಮ್ಮ ಓಣಿಯಲ್ಲಿ ನರಪಿಳ್ಳೆಯ ಸುಳಿವಿರಲಿಲ್ಲ. ‘ರಾಮಾಯಣ’, ‘ಮಹಾಭಾರತ’ಗಳು ದೂರದರ್ಶನದಲ್ಲಿ ಬರುತ್ತಿದ್ದ ದಿನಗಳ ಅನಂತರ ಅಂಥ ನಿಶ್ಶಬ್ದವನ್ನು ನಾನು ಕಂಡದ್ದು ಅಂದೇ. ಮೇ ತಿಂಗಳ ಬಿಸಿಲೂ ಅದಕ್ಕೆ ಒಂದಿಷ್ಟು ಕಾರಣವಾಗಿದ್ದೀತು. ಆದರೆ ತಿಂಗಳುಗಟ್ಟಲೆ ಪತ್ರಿಕೆಗಳಲ್ಲಿ, ಚಿತ್ರಮಂದಿರಗಳಲ್ಲಿ, ಟಿವಿಯ ಪ್ರತಿ ವಿರಾಮದಲ್ಲಿ ಡಂಗುರ ಸಾರಿಸಿಕೊಂಡಿದ್ದ ಆಮೀರ್ ಖಾನರ ‘ಸತ್ಯಮೇವ ಜಯತೇ’ ಅಂದು ಮೊದಲ ಸಲ ಬರುವುದಿತ್ತು. ಖಾಸಗಿ ವಾಹಿನಿಯಾದ ಸ್ಟಾರ್ ಪ್ಲಸ್ಸಿನಲ್ಲಿಯೂ ಸರಕಾರಿ ದೂರದರ್ಶನದಲ್ಲಿಯೂ ಏಕಕಾಲಕ್ಕೆ ಪ್ರಸಾರ. ಜೊತೆಗೆ ಮರಾಠಿ, ತಮಿಳು, ತೆಲುಗು, ಮಲಯಾಳಂ, ಬಂಗಾಲಿ ಮಾತುಗಳಲ್ಲಿ.

ನಮ್ಮ ಪಡಸಾಲೆಯಲ್ಲಿ ಅಂದು ಮನೆಯವರಲ್ಲದೆ ನೆರೆಮನೆಯ ಅಜ್ಜಿಯೂ ಆಕೆಯ ಮೊಮ್ಮಗನೂ ಕೂತಿದ್ದರು. ಅಜ್ಜಿ ತಾಲೂಕಿನ ಪೂರ್ವಭಾಗದ ಹಳ್ಳಿಯಿಂದ ಬಂದವರು, ಕನ್ನಡವೊಂದೇ ಬಲ್ಲವರು. ಮೊಮ್ಮಗ ಮರಾಠಿ ಶಾಲೆಯ ಏಳನೆಯ ಇಯತ್ತೆಯ ಹುಡುಗ. ಅವನು ಒಂದೊಂದೇ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತ ಬಂದು, ‘ಸ್ತ್ರೀಭ್ರೂಣಹತ್ಯಾ’ ಎಂಬಲ್ಲಿ ತಡೆದು ನನ್ನ ಮುಖ ನೋಡಿದ. ಹೊಟ್ಟೆಯಲ್ಲಿರುವ ಹೆಣ್ಣು ಕೂಸನ್ನು ತೆಗೆಸುವುದು ಎಂದು ನಾನೇ ಬಿಡಿಸಿ ಹೇಳಬೇಕಾಯಿತು. ಅಜ್ಜಿ ಒಂದು ಗಳಿಗೆ ಸುಮ್ಮನಿದ್ದು ಅಂದರು: “ಇದನ್ನ ಹೇಳಾಕ ಇಷ್ಟು ದೊಡ್ಡ ಮನಿಶಾ ಬೇಕಾದ್ನೇನ್ರಿ ಮಾಸ್ತರ್ರ? ನಮಗ ಗೊತ್ತಿಲ್ಲದ್ದೇನೈತಿ ಇದು?”

ಕಾರ್ಯಕ್ರಮ ಬಂದು ಹೋಗಿ ವರ್ಷಗಳೇ ಕಳೆದಿವೆ. ಅದರ ಬಗ್ಗೆ ಹೊಗಳಿಕೆಯೂ ತೆಗಳಿಕೆಯೂ ಸಾಕಷ್ಟು ಅಚ್ಚಾಗಿವೆ. ನಾನು ಓದಿದ ಯಾವ ವಿಮರ್ಶೆಯೂ ಅಜ್ಜಿಯ ಆ ಪ್ರಶ್ನೆಗಿಂತ ಮುಂದೆ ಹೋಗಿಲ್ಲ. ಎಲ್ಲರಿಗೂ ಗೊತ್ತಿರುವುದನ್ನೇ ಒಬ್ಬ ಪ್ರಸಿದ್ಧ ನಟ ಬಂದು ಹೇಳಿದರೆ ಏನಾದರೂ ಬದಲಾಗುತ್ತದೆಯೇ? ಈ ಪ್ರಶ್ನೆಯನ್ನು ನಮ್ಮ ಗಡಿ ಸೀಮೆಯ ಅನುಭವದ ಒರೆಗಲ್ಲಿಗೆ ಹಚ್ಚಿ ನೋಡುವುದು ಈ ಲೇಖನದ ಉದ್ದೇಶ. ಒರೆಗಲ್ಲು ನಮ್ಮದೇ ಆಗಲು ಕಾರಣವುಂಟು. ಆ ಕಾರ್ಯಕ್ರಮದ ಅತಿ ದೊಡ್ಡ ಫಲವೂ ಅತಿ ದೊಡ್ಡ ಸೋಲೂ ನಮ್ಮ ಸಾಂಗ್ಲಿ ಜಿಲ್ಲೆಯಲ್ಲಿಯೇ ಒಂದರ ಪಕ್ಕ ಒಂದು ಕಾಣಿಸಿಕೊಂಡವು.

ಮೊದಲು ಕಾರ್ಯಕ್ರಮದ ಕಟ್ಟಡವನ್ನು ನೋಡೋಣ. 2012ರ ಮೊದಲ ಸರಣಿಯಲ್ಲಿ 13 ಕಂತುಗಳು. ಹೆಣ್ಣು ಭ್ರೂಣಹತ್ಯೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ, ವರದಕ್ಷಿಣೆ, ವೈದ್ಯರ ಅನಾಚಾರ, ಮರ್ಯಾದೆಯ ಹೆಸರಿನ ಕೊಲೆ, ಅಂಗವಿಕಲರ ಪಾಡು, ಮನೆಯೊಳಗಿನ ಹಿಂಸೆ, ಕೀಟನಾಶಕ, ಕುಡಿತ, ಅಸ್ಪೃಶ್ಯತೆ, ಮುಪ್ಪು, ನೀರು ಹೀಗೆ ಪ್ರತಿ ವಾರ ಒಂದೊಂದು ವ್ಯಾಧಿ. ಕೊನೆಯ ವಾರ ದೇಶದ ಕಲ್ಪನೆಯ ಬಗ್ಗೆ ಮಾತು. ಎಲ್ಲ ಕಂತುಗಳಿಗೂ ಎರಕ ಹೊಯ್ದಂತೆ ಒಂದೇ ಆಕಾರ. ನೊಂದವರು ಬಂದು ತಮ್ಮ ಕಥೆ ಹೇಳುತ್ತಾರೆ. ಆಮೀರರು ಕೇಳುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ. ಕ್ಯಾಮರಾ ಪ್ರೇಕ್ಷಕರ ಒದ್ದೆ ಕಣ್ಣುಗಳ ಮೇಲೆ ಸುಳಿಯುತ್ತದೆ. ಬಳಿಕ ಅಂಕಿ-ಅಂಶ, ತಜ್ಞರು. ಅನಂತರ ಎಲ್ಲಿಯೋ ಒಳ್ಳೆಯ ಕೆಲಸ ಮಾಡಿದ ಒಬ್ಬ ಧೀರ ಅಥವಾ ಧೀರೆ. ಕೊನೆಗೆ ರಾಮ್ ಸಂಪತ್ತರ ಸಂಗೀತದಲ್ಲಿ ಒಂದು ಹಾಡು, ‘ಹೌದು’ ಅಥವಾ ‘ಅಲ್ಲ’ ಎಂದು ಎಸ್ಸೆಮ್ಮೆಸ್ ಕಳಿಸಲು ಒಂದು ಪ್ರಶ್ನೆ, ಸೇವಾಸಂಸ್ಥೆಯೊಂದಕ್ಕೆ ದೇಣಿಗೆಯ ಮನವಿ.

ನಟರಾಗಿ ಆಮೀರರು ಮಾಡಿದ ಅತ್ಯುತ್ತಮ ಕೆಲಸ ಇಲ್ಲಿ ಅವರು ನಟಿಸದೆ ಕೇಳಿಸಿಕೊಂಡದ್ದು ಎಂದು ನನ್ನ ಅಭಿಪ್ರಾಯ. ತೆರೆಯ ಮೇಲೆ ಪ್ರಸಿದ್ಧ ಗಂಡಸೊಬ್ಬ ಅರ್ಧ ತಾಸು ಬಾಯಿ ಮುಚ್ಚಿ ಸಾಮಾನ್ಯ ಹೆಂಗಸೊಬ್ಬಳ ಮಾತು ಕೇಳಿದ್ದನ್ನು ನಮ್ಮ ಮನೆಗಳ ಹೆಂಗಸರು ಗಮನಿಸಿದರು. ಅದು ಸಣ್ಣ ಸಂಗತಿಯಲ್ಲ.

ಆದರೆ ಈ ಕಟ್ಟಡದಲ್ಲಿ ನೋಡುವವನಿಗೆ ಗೊತ್ತುಪಡಿಸಿದ ಜಾಗ ಯಾವುದು? ಅದು ನ್ಯಾಯಾಧೀಶನ ಕುರ್ಚಿ. ತಪ್ಪು ಮಾಡಿದವರು ಬೇರೆಲ್ಲಿಯೋ ಇದ್ದಾರೆ: ರಾಜಸ್ಥಾನದ ವೈದ್ಯ, ಹರಿಯಾಣದ ಪಂಚಾಯತಿ, ದೂರದ ಯಾವುದೋ ಅತ್ತೆಮನೆ. ನೋಡುಗ ಅವರನ್ನು ಕಂಡು ಸಿಟ್ಟಾಗುತ್ತಾನೆ, ಅಳುತ್ತಾನೆ, ಒಂದು ರೂಪಾಯಿ ಖರ್ಚುಮಾಡಿ ‘ಹೌದು’ ಎನ್ನುತ್ತಾನೆ. ಅಷ್ಟರಲ್ಲಿ ಊಟದ ಹೊತ್ತಾಗುತ್ತದೆ. ಅಸ್ಪೃಶ್ಯತೆಯ ಕಂತು ಬಂದ ದಿನ ಸಂಜೆ ನಮ್ಮ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ನಾನು ಕೇಳಿದ ಮಾತು: “ಆ ಕಡೆ ಎಷ್ಟು ಕೆಟ್ಟೈತಿ ನೋಡ್ರಿ ಸರ್. ನಮ್ಮಲ್ಲಿ ಈಗ ಅದೆಲ್ಲ ಇಲ್ಲ ಬಿಡ್ರಿ.” ಈ ಮಾತಾಡಿದವರ ಓಣಿ ಯಾವುದು, ಅವರು ಯಾವ ಓಣಿಗೆ ಎಂದೂ ಕಾಲಿಟ್ಟಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಅಂದಿನ ಕಂತಿನಲ್ಲಿ ಕೌಶಲ್ ಪನ್ವಾರರು ಶಾಲೆಯಲ್ಲಿ ಪಟ್ಟ ಅವಮಾನಗಳನ್ನೂ ಛಲದಿಂದ ಸಂಸ್ಕೃತ ಕಲಿತು ದೆಹಲಿಯಲ್ಲಿ ಅಧ್ಯಾಪಕಿಯಾದುದನ್ನೂ ಹೇಳಿಕೊಂಡರು. ಕೋಲಾರದ ಚಿನ್ನದ ಗಣಿಯ ನೆಲದಲ್ಲಿ ಹುಟ್ಟಿ ಬೆಳೆದ ಬೆಜವಾಡ ವಿಲ್ಸನ್ನರು ಮಲ ಹೊರುವ ಪದ್ಧತಿಯ ವಿರುದ್ಧ ನಡೆಸಿದ ಹೋರಾಟವೂ ಅಲ್ಲಿತ್ತು. ಡಾ. ಅಂಬೇಡ್ಕರರಿಗೂ ಮೀಸಲಾತಿಗೂ ಸಲ್ಲಬೇಕಾದ ಸ್ಥಾನ ಸಲ್ಲಲಿಲ್ಲವೆಂದು ಆಗಲೇ ಹಲವರು ಆಕ್ಷೇಪಿಸಿದರು. ಅದು ನ್ಯಾಯವಾದ ಆಕ್ಷೇಪ. ಅನ್ಯಾಯವನ್ನು ಮನಸ್ಸಿನ ಕೊಳೆಯೆಂದು ತೋರಿಸಿ, ಅಧಿಕಾರದ ಮತ್ತು ಹಕ್ಕಿನ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸಿದರೆ ನೋಡುಗನಿಗೆ ಹಾಯೆನಿಸುತ್ತದೆ.

ಕಾರ್ಯಕ್ರಮದಿಂದ ಕಾನೂನು ಬದಲಾಯಿತು, ಸರಕಾರ ಎಚ್ಚೆತ್ತಿತು ಎಂದು ಅಂದು ಬಹಳ ಕೇಳಿಬಂತು. ಇಲ್ಲಿ ಸ್ವಲ್ಪ ತಾಳ್ಮೆಯಿಂದ ತಾರೀಖು ನೋಡಬೇಕು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಮಸೂದೆ ಲೋಕಸಭೆಯಲ್ಲಿ ಅಂಗೀಕಾರವಾದದ್ದು 2012ರ ಮೇ 22ರಂದು. ಆ ವಿಷಯದ ಕಂತು ಬಂದದ್ದು ಮೇ 13ರಂದು. ಒಂಬತ್ತು ದಿನಗಳಲ್ಲಿ ಕಾನೂನು ಎಂದು ಅಭಿಮಾನಿಗಳು ಹೊಗಳಿದರು. ಆದರೆ ಆ ಮಸೂದೆ ಸಂಸತ್ತಿಗೆ ಬಂದದ್ದು ಅದಕ್ಕೂ ಒಂದು ವರ್ಷ ಮೊದಲು, 2011ರಲ್ಲಿ. ರಾಜ್ಯಸಭೆ ಅದನ್ನು ಒಪ್ಪಿದ್ದು ಮೇ 10ರಂದು, ಅಂದರೆ ಕಂತು ಪ್ರಸಾರವಾಗುವ ಮೂರು ದಿನ ಮೊದಲು. ಕಾಗೆ ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ ಎಂಬ ಗಾದೆಯನ್ನು ಇಲ್ಲಿ ನೆನೆದರೆ ತಪ್ಪಾಗದು. ಜನೆರಿಕ್ ಔಷಧಗಳ ವಿಷಯದಲ್ಲಿ ಕಾರ್ಯಕ್ರಮದ ಪಾಲು ಇನ್ನಷ್ಟು ನೇರವಾದದ್ದು: ವೈದ್ಯರ ಸಂಘ ಕ್ಷಮೆ ಕೇಳಬೇಕೆಂದು ಗದರಿಸಿದರೂ ಆಮೀರರು ಜಗ್ಗಲಿಲ್ಲ, ಜೂನ್ ತಿಂಗಳಲ್ಲಿ ಸಂಸದೀಯ ಸಮಿತಿಯ ಮುಂದೆ ಹೋಗಿ ಮಾತಾಡಿ ಬಂದರು. ಅಗ್ಗದ ಔಷಧವೆಂಬ ವಿಷಯ ಮನೆಮಾತಾಯಿತು. ನಮ್ಮ ಔಷಧದಂಗಡಿಯಲ್ಲಿ “ಆಮೀರ್ ಹೇಳಿದ ಗುಳಿಗಿ ಕೊಡ್ರಿ” ಎಂದು ಕೇಳಿದವರನ್ನು ನಾನೇ ಕಂಡಿದ್ದೇನೆ. ಅಂಗಡಿಯವನು ಕೊಟ್ಟನೋ ಇಲ್ಲವೋ, ಕೇಳುವ ಧೈರ್ಯವಂತೂ ಬಂದಿತ್ತು.

ಮೊದಲ ಕಂತಿನದು ಇದಕ್ಕಿಂತ ಗಂಭೀರವಾದ ಪಾಠ. ರಾಜಸ್ಥಾನದಲ್ಲಿ ನೂರಕ್ಕೂ ಹೆಚ್ಚು ವೈದ್ಯರು ಹೆಣ್ಣು ಭ್ರೂಣ ತೆಗೆಯಲು ಒಪ್ಪಿಕೊಳ್ಳುವುದನ್ನು ಗುಪ್ತ ಕ್ಯಾಮರಾದಲ್ಲಿ ಸೆರೆಹಿಡಿದ ಇಬ್ಬರು ಪತ್ರಕರ್ತರು ಅಂದು ಬಂದಿದ್ದರು. ಪ್ರಕರಣಗಳು ಬೇಗ ಇತ್ಯರ್ಥವಾಗಲೆಂದು ಆಮೀರರು ಆಗಿನ ಮುಖ್ಯಮಂತ್ರಿ ಅಶೋಕ ಗೆಹಲೋತರನ್ನು ಕಂಡರು. ತ್ವರಿತ ನ್ಯಾಯಾಲಯದ ಭರವಸೆ ದೊರೆಯಿತು. ಪತ್ರಿಕೆಗಳು ಇದನ್ನು ವಿಜಯವೆಂದು ಬರೆದವು. ಆದರೆ ಆ ಗುಪ್ತ ಚಿತ್ರೀಕರಣ ನಡೆದದ್ದು 2005ರಲ್ಲಿ! ಅದು ಆಗಲೇ ಟಿವಿಯಲ್ಲಿ ಪ್ರಸಾರವಾಗಿತ್ತು. ಆಗಲೂ ದೇಶ ಬೆಚ್ಚಿಬಿದ್ದಿತ್ತು. ಏಳು ವರ್ಷ ಆ ಪತ್ರಕರ್ತರು ಕೋರ್ಟು ಅಲೆದರು, ಮತ್ತೆ ಟಿವಿಗೆ ಬಂದರು, ದೇಶ ಮತ್ತೆ ಬೆಚ್ಚಿಬಿದ್ದಿತು. ಒಂದೇ ಪಾಪಕ್ಕೆ ಎರಡು ಸಲ ಬೆಚ್ಚಿಬೀಳಲು ಸಾಧ್ಯವಾದರೆ ಮೊದಲ ಸಲದ್ದನ್ನು ಏನೆಂದು ಕರೆಯೋಣ?

ಈ ಮಾತಿನಲ್ಲಿ ನನ್ನ ಮೇಲೂ ಒಂದು ಬೆರಳಿದೆ. ಅದನ್ನು ಮುಚ್ಚಿಟ್ಟು ವಿಮರ್ಶೆ ಬರೆಯುವುದು ಸರಿಯಲ್ಲವಾದ್ದರಿಂದ ಹೇಳುತ್ತೇನೆ. ವರದಕ್ಷಿಣೆಯ ಕಂತು ಬಂದದ್ದು ಮೇ 20ರಂದು. ಅದನ್ನು ನೋಡುತ್ತ ನಾನು ಅತ್ತೆ. ಮರುವರ್ಷ ನನ್ನ ಕಿರಿಯ ಮಗನ ಮದುವೆ ಗೊತ್ತಾಯಿತು. ಹೆಣ್ಣಿನವರು ಅಕ್ಕಲಕೋಟದ ಕಡೆಯ ಸಣ್ಣ ಹಿಡುವಳಿಯ ರೈತರು. ಮಾತುಕತೆಗೆ ಕೂತಾಗ ನಾನು, ನಿವೃತ್ತ ಮುಖ್ಯಾಧ್ಯಾಪಕ, ಎಲ್ಲರೆದುರು ಘನವಾಗಿ ಹೇಳಿದೆ: “ನಮಗೇನೂ ಬ್ಯಾಡ್ರಿ ಬೀಗರ. ನಿಮ್ಮ ಮಗಳಿಗೆ ನೀವೇನು ಮಾಡ್ತೀರಿ ಅದು ನಿಮಗ ಬಿಟ್ಟದ್ದು.” ನಮ್ಮ ಸೀಮೆಯಲ್ಲಿ ಈ ವಾಕ್ಯದ ಎರಡನೆಯ ಅರ್ಧಕ್ಕೆ ಏನು ಬೆಲೆಯೆಂದು ತಿಳಿಯದವರಿಲ್ಲ. ಐದು ತೊಲೆ ಬಂಗಾರ, ಮೋಟಾರ್ ಸೈಕಲ್ಲು, ಪಾತ್ರೆ-ಪಡಗ ಬಂದವು. ನಾನು ಕೇಳಿರಲಿಲ್ಲ, ಬೇಡವೆಂದು ತಿರುಗಿಸಿಯೂ ಕಳಿಸಲಿಲ್ಲ. ಬೀಗರು ಒಂದು ಜೋಡಿ ಎತ್ತು ಮಾರಿದ್ದರೆಂದು ಮದುವೆಯಾದ ಮೇಲೆ ತಿಳಿಯಿತು. ಮಲಗುವ ಮುಂದೆ ನನ್ನ ಮನೆಯಾಕೆ ಒಂದೇ ಮಾತು ಕೇಳಿದಳು: “ಅವತ್ತು ರವಿವಾರ ಅತ್ತಿದ್ರಲ್ರಿ?”

ಬೀಗರ ಎತ್ತುಗಳ ಋಣ ನನ್ನ ಮೇಲೆ ಉಳಿದಿದೆ. ಆದರೆ ಆ ಅಳು ಸುಳ್ಳಾಗಿರಲಿಲ್ಲ. ಬೇರೆಯವರ ಮಗಳಿಗಾಗಿ ಅತ್ತಾಗ ನಾನು ಒಳ್ಳೆಯವನೆಂಬ ರಸೀದಿ ನನಗೆ ಸಿಕ್ಕಿಬಿಟ್ಟಿತ್ತು. ರಸೀದಿ ಕಿಸೆಯಲ್ಲಿದ್ದ ಕಾರಣ ಹಣ ಕಟ್ಟುವುದನ್ನು ಮರೆತೆ. ವರದಕ್ಷಿಣೆ ನಿಷೇಧ ಕಾನೂನು 1961ರದು. ಅದು ಬಂದಾಗ ನಾನು ಪ್ರಾಥಮಿಕ ಶಾಲೆಯ ಹುಡುಗ. ಅಷ್ಟು ವರ್ಷಗಳ ಕಾನೂನು ಮಾಡದ ಕೆಲಸವನ್ನು ಒಂದೂವರೆ ತಾಸಿನ ಕಾರ್ಯಕ್ರಮ ಮಾಡಬೇಕಿತ್ತೆಂದು ನಾನು ಹೇಳುತ್ತಿಲ್ಲ. ಮಾಡಿತೆಂದು ನನಗೆ ಅನಿಸಿತ್ತು ಎಂಬುದೇ ನನ್ನ ತಕರಾರು.

ದೂರದರ್ಶನದ ಮೂಲಕ ಸಮಾಜ ತಿದ್ದುವ ಪ್ರಯತ್ನ ನಮ್ಮಲ್ಲಿ ಹೊಸತಲ್ಲ. 1984ರಲ್ಲಿ ಬಂದ ‘ಹಮ್ ಲೋಗ್’ ಧಾರಾವಾಹಿಯ ಪ್ರತಿ ಕಂತಿನ ಕೊನೆಗೆ ಹಿರಿಯ ನಟ ಅಶೋಕ ಕುಮಾರರು ಬಂದು ನೀತಿ ಹೇಳುತ್ತಿದ್ದುದು ಹಿರಿಯರಿಗೆ ನೆನಪಿದ್ದೀತು. ಗಂಡನ ದರ್ಪಕ್ಕೆ ತಲೆಬಾಗಿ ಬಾಳಿದ ತಾಯಿ ಭಾಗವಂತಿಯನ್ನು ಕಂಡು ಹೆಂಗಸರು ಎಚ್ಚರಗೊಳ್ಳಲಿ ಎಂಬುದು ಬರೆದವರ ಆಶಯ. ಆಮೇಲೆ ಅಧ್ಯಯನ ಮಾಡಿದವರಿಗೆ ಕಂಡದ್ದು ಬೇರೆ: ಬಹಳ ನೋಡುಗರು ಅವಳನ್ನೇ ಆದರ್ಶ ಗೃಹಿಣಿಯೆಂದು ಮೆಚ್ಚಿಕೊಂಡಿದ್ದರು. ಪಾಠ ಹೇಳುವುದೇ ಬೇರೆ, ಮಕ್ಕಳು ಕಲಿಯುವುದೇ ಬೇರೆ. ಮೂವತ್ತನಾಲ್ಕು ವರ್ಷ ಸೀಮೆಸುಣ್ಣ ಹಿಡಿದವನಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಮಹಾರಾಷ್ಟ್ರದ ನೆಲದಲ್ಲಿರುವ ನಮಗೆ ಇನ್ನೊಂದು ಪರಂಪರೆಯ ಪರಿಚಯವೂ ಇದೆ. ಗಾಡಗೇ ಬಾಬಾ ಕೀರ್ತನೆಗೆಂದು ಊರಿಗೆ ಬಂದರೆ ಮೊದಲು ಕಸಬರಿಗೆ ಹಿಡಿದು ಊರು ಗುಡಿಸುತ್ತಿದ್ದರು. ಹಗಲೆಲ್ಲ ಗುಡಿಸಿ, ರಾತ್ರಿ ಕೀರ್ತನೆಗೆ ನಿಲ್ಲುತ್ತಿದ್ದರು. ಅಲ್ಲಿಯೂ ಪ್ರಶ್ನೆಗಳನ್ನು ಕೇಳಿ ಜನರ ಬಾಯಿಂದಲೇ ಉತ್ತರ ಹೊರಡಿಸುತ್ತಿದ್ದರು. ಅವರ ಮುಂದೆ ಕೂತವರ ಪೈಕಿ ಹಗಲು ಜೊತೆಯಲ್ಲಿ ಗುಡಿಸಿದವರು ಯಾರು, ಕಟ್ಟೆಯ ಮೇಲೆ ಕೂತು ನೋಡಿದವರು ಯಾರು ಎಂಬುದು ಇಡೀ ಊರಿಗೆ ಗೊತ್ತಿರುತ್ತಿತ್ತು. ಟಿವಿಯ ಮುಂದೆ ಕೂತವನಿಗೆ ಈ ಭಯವಿಲ್ಲ.

ಹಾಗಾದರೆ ಆ ಕಾರ್ಯಕ್ರಮ ಬರಿಯ ಕಣ್ಣೀರಿನ ಅಂಗಡಿಯೇ? ಅಲ್ಲ. ಎರಡು ಕಡೆ ಅದು ಪಡಸಾಲೆಯಿಂದ ಎದ್ದು ಹೊರಗೆ ಬಂದದ್ದನ್ನು ನಾನು ಕಂಡಿದ್ದೇನೆ.

ಮೊದಲನೆಯದು ಎರಡನೆಯ ಕಂತಿನ ಕೊನೆಯಲ್ಲಿದ್ದ ಮಕ್ಕಳ ಕಾರ್ಯಾಗಾರ. ಆಮೀರರು ಪುಟ್ಟ ಮಕ್ಕಳ ನಡುವೆ ಕೂತು, ಮೈಯ ಯಾವ ಭಾಗಗಳನ್ನು ಪರರು ಮುಟ್ಟಬಾರದು, ಮುಟ್ಟಿದರೆ ಕೂಗಬೇಕು, ಸುರಕ್ಷಿತ ಜಾಗಕ್ಕೆ ಓಡಬೇಕು, ನಂಬಿಕೆಯ ದೊಡ್ಡವರಿಗೆ ಹೇಳಬೇಕು ಎಂದು ಆಟದಂತೆ ಕಲಿಸಿದರು. ಅಲ್ಲಿ ಅಳು ಇರಲಿಲ್ಲ, ಹಿನ್ನೆಲೆ ಸಂಗೀತದ ಒತ್ತಾಯವಿರಲಿಲ್ಲ. ಇದ್ದದ್ದು ಮರುದಿನ ಯಾವ ಶಿಕ್ಷಕನಾದರೂ ಮಾಡಬಹುದಾದ ಪಾಠ. ನನ್ನ ಸೇವೆಯುದ್ದಕ್ಕೂ ಆ ವಿಷಯವನ್ನು ತರಗತಿಯಲ್ಲಿ ನಾನು ಒಮ್ಮೆಯೂ ಎತ್ತಲಿಲ್ಲ. ನಾಚಿಕೆ ಒಂದು ಕಾರಣ. ಹೇಳಲು ಮರ್ಯಾದೆಯ ಕನ್ನಡ ಶಬ್ದಗಳೇ ನಮ್ಮಲ್ಲಿರಲಿಲ್ಲ ಎಂಬುದು ಇನ್ನೊಂದು. ಆ ವರ್ಷ ಶಾಲೆ ಆರಂಭವಾದ ಮೇಲೆ ನನ್ನ ನಂತರದ ತಲೆಮಾರಿನ ಶಿಕ್ಷಕಿಯೊಬ್ಬಳು ಅದೇ ಭಾಗವನ್ನು ತನ್ನ ಲ್ಯಾಪ್‌ಟಾಪಿನಲ್ಲಿ ಹಾಕಿ, ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತ ಮಕ್ಕಳಿಗೆ ಕಲಿಸಿದಳು. ಪಾಲಕರು ಆಕ್ಷೇಪಿಸಲಿಲ್ಲ, ಏಕೆಂದರೆ ಹೇಳಿದವನು ಆಮೀರ್ ಖಾನ್. ಪ್ರಸಿದ್ಧಿಯ ನಿಜವಾದ ಉಪಯೋಗ ಇದೇ ಇರಬೇಕು. ಎಳೆಯ ಶಿಕ್ಷಕಿಗೆ ಅದು ಗುರಾಣಿಯಾಯಿತು.

ಆದರೆ ಅವಳು ಕನ್ನಡದಲ್ಲಿ ಹೇಳಬೇಕಾಗಿ ಬಂದದ್ದೇಕೆ? ಇದು ನಮ್ಮ ಸಂಘದ ವೇದಿಕೆಯಲ್ಲಿ ಎತ್ತಲೇಬೇಕಾದ ಮಾತು. ಕಾರ್ಯಕ್ರಮ ನೆರೆಯ ಎಲ್ಲ ಭಾಷೆಗಳ ವಾಹಿನಿಗಳಲ್ಲಿ ಬಂದಿತು. ಕನ್ನಡದಲ್ಲಿ ಮಾತ್ರ ಬರಲಿಲ್ಲ. ಪರಭಾಷೆಯ ಚಿತ್ರಗಳನ್ನು ಡಬ್ ಮಾಡಬಾರದೆಂಬ, 1960ರ ದಶಕದ ಚಳವಳಿಯಿಂದ ಬೆಳೆದುಬಂದ ಕಟ್ಟಳೆಯನ್ನು ಹಿಡಿದು ಬೆಂಗಳೂರಿನ ಚಿತ್ರೋದ್ಯಮ ಅದಕ್ಕೆ ಅಡ್ಡ ನಿಂತಿತು. ಆ ಕಟ್ಟಳೆ ಹುಟ್ಟಿದ ಕಾಲದಲ್ಲಿ ಅದಕ್ಕೆ ಕಾರಣವಿತ್ತು. ಕನ್ನಡ ಚಿತ್ರರಂಗ ಆಗ ಕಣ್ಣು ತೆರೆಯುತ್ತಿದ್ದ ಕೂಸು. ಆದರೆ ಹೆಣ್ಣು ಕೂಸನ್ನು ಕೊಲ್ಲಬೇಡಿರೆಂಬ ಮಾತು ಕನ್ನಡದಲ್ಲಿ ಬಂದರೆ ಯಾವ ಕಲಾವಿದನ ಅನ್ನ ಹೋಗುತ್ತಿತ್ತೋ ನಾನರಿಯೆ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ನಿರ್ಬಂಧ ಕಾನೂನಿಗೆ ವಿರುದ್ಧವೆಂದು ತೀರ್ಮಾನಿಸಿ ಚಲನಚಿತ್ರ ವಾಣಿಜ್ಯ ಮಂಡಳಿ ಮೊದಲಾದವುಗಳಿಗೆ ದಂಡ ಹಾಕಿತು. ಅಷ್ಟರಲ್ಲಿ 2014ರ ಎರಡು ಸರಣಿಗಳೂ ಮುಗಿದಿದ್ದವು. ಗಡಿನಾಡಿನ ನಾವು ಮರಾಠಿಯನ್ನೋ ಹಿಂದಿಯನ್ನೋ ಕಲಿತವರು, ಹೇಗೋ ನೋಡಿಕೊಂಡೆವು. ಆದರೆ ಆ ಕಾರ್ಯಕ್ರಮ ಯಾರಿಗೆ ಮೊದಲು ಮುಟ್ಟಬೇಕಿತ್ತೋ ಆ ಕನ್ನಡದ ಅತ್ತೆಯರು, ಅಜ್ಜಿಯರು ಮೊಮ್ಮಕ್ಕಳ ಅರ್ಧಂಬರ್ಧ ಅನುವಾದವನ್ನೇ ನಂಬಬೇಕಾಯಿತು. ಕನ್ನಡವನ್ನು ರಕ್ಷಿಸುವವರು ಕನ್ನಡಿಗರ ಕಿವಿಯನ್ನು ಮರೆಯಬಾರದಿತ್ತು.

ಎರಡನೆಯದು ನೀರು. 2012ರ ಜುಲೈ 22ರ ಕಂತು ನೀರಿನ ಕುರಿತಾದದ್ದು. ನಾಲ್ಕು ವರ್ಷಗಳ ಅನಂತರ ಆಮೀರರು, ಕಿರಣ್ ರಾವ್ ಮತ್ತು ಕಾರ್ಯಕ್ರಮದ ನಿರ್ದೇಶಕರಾಗಿದ್ದ ಸತ್ಯಜಿತ್ ಭಟ್ಕಳರು ‘ಪಾನಿ ಫೌಂಡೇಶನ್’ ಕಟ್ಟಿ, ‘ಸತ್ಯಮೇವ ಜಯತೇ ವಾಟರ್ ಕಪ್’ ಎಂಬ ಸ್ಪರ್ಧೆ ಹೂಡಿದರು. 2016ರಲ್ಲಿ ಕೋರೇಗಾವ, ವರೂಡ, ಅಂಬಾಜೋಗಾಯಿ ಎಂಬ ಮೂರು ತಾಲೂಕುಗಳ 116 ಹಳ್ಳಿಗಳು, 2017ರಲ್ಲಿ 30 ತಾಲೂಕುಗಳು, 2018ರಲ್ಲಿ 75. ಆ ಹೊತ್ತಿಗೆ ನಮ್ಮ ಜತ್ತವೂ ಸ್ಪರ್ಧೆಯಲ್ಲಿತ್ತು.

ಇಲ್ಲಿ ಕಟ್ಟಡವೇ ಬೇರೆಯಾಗಿತ್ತೆಂಬುದನ್ನು ಗಮನಿಸಬೇಕು. ಊರಿನಿಂದ ಕೆಲವರನ್ನು, ಅವರಲ್ಲಿ ಹೆಂಗಸರೂ ಇರಲೇಬೇಕೆಂಬ ಕರಾರಿನೊಡನೆ, ತರಬೇತಿಗೆ ಕಳಿಸಬೇಕು. ಈಗಾಗಲೇ ನೀರು ಹಿಡಿದು ಗೆದ್ದ ಹಳ್ಳಿಯಲ್ಲಿಯೇ ತರಬೇತಿ. ಗುಡ್ಡದ ತಲೆಯಿಂದ ಕಣಿವೆಯವರೆಗೆ ಇಳಿಜಾರಿಗೆ ಅಡ್ಡಲಾಗಿ ಸಮಮಟ್ಟದ ಕಂದಕ ತೋಡುವುದು ಹೇಗೆ, ಊರಿನ ನೀರಿನ ಜಮಾಖರ್ಚು ಬರೆಯುವುದು ಹೇಗೆ ಎಂದು ಅವರು ಕಲಿತು ಬರಬೇಕು. ಆಮೇಲೆ ಏಪ್ರಿಲ್-ಮೇ ತಿಂಗಳ ಉರಿಬಿಸಿಲಿನಲ್ಲಿ 45 ದಿನ ಶ್ರಮದಾನ. ಕಣ್ಣೀರಿಗೆ ಅಂಕವಿಲ್ಲ, ಕಂದಕಕ್ಕೆ ಅಂಕ. ಈ ವಿದ್ಯೆ ಸ್ಟುಡಿಯೋದಲ್ಲಿ ಹುಟ್ಟಿದ್ದಲ್ಲ. ಹಿವರೇ ಬಾಜಾರದಲ್ಲಿ ಪೋಪಟರಾವ ಪವಾರರು, ಸಾತಾರೆಯ ಹಳ್ಳಿಗಳಲ್ಲಿ ದಂತವೈದ್ಯ ಡಾ. ಅವಿನಾಶ ಪೋಳರು ಕ್ಯಾಮರಾ ಇಲ್ಲದೆ ವರ್ಷಗಟ್ಟಲೆ ದುಡಿದು ಕಂಡುಕೊಂಡ ದಾರಿ. ಮೊದಲ ವರ್ಷ ಕೋರೇಗಾವ ತಾಲೂಕಿನ ವೇಳು ಗ್ರಾಮ ಪ್ರಥಮ ಬಂದದ್ದರ ಹಿಂದೆ ಅಂಥ ದುಡಿಮೆಯಿತ್ತು. ನಟನ ಹೆಸರು ಮಾಡಿದ್ದಿಷ್ಟೇ: ಒಂದು ಹಳ್ಳಿಯ ವಿದ್ಯೆಯನ್ನು ಸಾವಿರಾರು ಹಳ್ಳಿಗಳಿಗೆ ಒಯ್ದಿತು, ಒಬ್ಬರ ಮುಖ ಒಬ್ಬರು ನೋಡದ ಎರಡು ಬಣಗಳಿಗೆ ಒಂದೇ ಗುಡ್ಡ ಹತ್ತಲು ನೆಪ ಕೊಟ್ಟಿತು.

2018ರ ಮೇ ತಿಂಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಊರಿಗೆ ಕರೆದೊಯ್ದ. ಬೆಳಗಿನ ಐದೂವರೆಗೆ ಗುಡ್ಡದ ಮೇಲೆ ಇನ್ನೂರು ಜನ. ಚುನಾವಣೆಯಲ್ಲಿ ಪರಸ್ಪರ ಠೇವಣಿ ಕಳೆದುಕೊಂಡವರು ಒಂದೇ ಬುಟ್ಟಿಯ ಎರಡು ಕಿವಿ ಹಿಡಿದಿದ್ದರು. ತರಬೇತಿಯಲ್ಲಿ ಕಲಿಸಿದ ಹಾಡು ಮರಾಠಿಯದು. ಹೆಂಗಸರು ಅದನ್ನು ಎರಡು ದಿನ ಹಾಡಿ ಬಿಟ್ಟು, ಬೀಸುವ ಪದದ ಧಾಟಿಗೆ ತಮ್ಮದೇ ಕನ್ನಡ ಕಟ್ಟಿಕೊಂಡಿದ್ದರು. ನಾನೂ ಗುದ್ದಲಿ ಹಿಡಿದೆ. ನಾಲ್ಕು ಏಟಿಗೆ ಅಂಗೈ ಗುಳ್ಳೆಯೆದ್ದು ಮಕ್ಕಳ ನಗೆಗೆ ಗುರಿಯಾದೆ.

ಕಥೆ ಇಲ್ಲಿಗೆ ನಿಂತಿದ್ದರೆ ಸೊಗಸಾಗಿರುತ್ತಿತ್ತು. ಆ ವರ್ಷವೇ ಮಳೆ ಕೈಕೊಟ್ಟಿತು. ಅಕ್ಟೋಬರಿನಲ್ಲಿ ಮಹಾರಾಷ್ಟ್ರ ಸರಕಾರ 151 ತಾಲೂಕುಗಳಲ್ಲಿ ಬರ ಘೋಷಿಸಿತು. ತೋಡಿದ ಕಂದಕಗಳು ಬಾಯಿ ತೆರೆದುಕೊಂಡು ಬಿದ್ದಿದ್ದವು. ಮುಂದೆ ಮಳೆಯಾದಾಗ ತುಂಬಿದವು, ಬಾವಿಗಳಲ್ಲಿ ನೀರು ಏರಿತು. ಬೆನ್ನಿಗೇ ಹೊಸ ಕೊಳವೆಬಾವಿಗಳು ಕೊರೆದವು, ದಾಳಿಂಬೆ ತೋಟಗಳು ಎದ್ದವು. ನೀರು ಹಿಡಿಯುವಾಗ ಇಡೀ ಊರು ಒಂದು. ಎತ್ತುವಾಗ ಅವರವರ ಮೋಟಾರು ಅವರವರದು. ನೀರಿನ ಜಮಾಖರ್ಚಿನ ಹಲಗೆ ಪಂಚಾಯತಿಯ ಗೋಡೆಯ ಮೇಲೆ ಮಾಸುತ್ತ ಬಂತು. 2022ರಲ್ಲಿ ನಮ್ಮ ತಾಲೂಕಿನ ಹಳ್ಳಿಗಳ ನೀರಿನ ಗೋಳೇ ಎರಡು ರಾಜ್ಯಗಳ ಮುಖ್ಯಮಂತ್ರಿಗಳ ವಾದಕ್ಕೆ ವಸ್ತುವಾದದ್ದು ಎಲ್ಲರಿಗೂ ತಿಳಿದದ್ದೇ. ಆದರೂ ಆ ಊರಿನಲ್ಲಿ ಏನೂ ಬದಲಾಗಲಿಲ್ಲವೆಂದು ನಾನು ಹೇಳಲಾರೆ. ಟ್ಯಾಂಕರ್ ತಡವಾಗಿ ಬರತೊಡಗಿತು, ಅಂದರೆ ತಡವಾಗಿ ಬೇಕಾಗತೊಡಗಿತು. ಬೇಸಿಗೆಯಲ್ಲಿ ಒಂದು ತಿಂಗಳ ನೀರು ಏನೆಂಬುದು ಕೊಡ ಹೊತ್ತವರಿಗೆ ಗೊತ್ತು.

ಈ ಗುದ್ದಲಿಯ ಉತ್ಸವಕ್ಕೆ ಒಂದು ವರ್ಷ ಮೊದಲು, 2017ರ ಮಾರ್ಚಿನಲ್ಲಿ, ಇದೇ ಜಿಲ್ಲೆಯ ಮಿರಜ ತಾಲೂಕಿನ ಮ್ಹೈಸಾಳದಲ್ಲಿ ಹಳ್ಳದ ದಂಡೆಯ ಮಣ್ಣು ಅಗೆದಾಗ ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿದ 19 ಭ್ರೂಣಗಳು ಸಿಕ್ಕವು. ಗರ್ಭಪಾತದಲ್ಲಿ ತರುಣಿ ತಾಯಿಯೊಬ್ಬಳು ಸತ್ತಳೆಂಬ ಕಾರಣಕ್ಕೆ ಆ ಅಗೆತ ನಡೆಯಿತು. ಅವಳು ಬದುಕಿದ್ದರೆ ಹಳ್ಳವನ್ನು ಯಾರೂ ಮುಟ್ಟುತ್ತಿರಲಿಲ್ಲ. ತನಿಖೆ ಗಡಿ ದಾಟಿ ಕರ್ನಾಟಕದ ವೈದ್ಯರವರೆಗೂ ಹೋಯಿತು. ಭಾಷೆಯ ಗಡಿ, ರಾಜ್ಯದ ಗಡಿ ಎಂದು ನಾವು ಸಮ್ಮೇಳನಗಳಲ್ಲಿ ನಿರ್ಣಯ ಮಂಡಿಸುತ್ತೇವೆ. ಈ ವ್ಯಾಪಾರಕ್ಕೆ ಯಾವ ಗಡಿಯೂ ಇರಲಿಲ್ಲ. ಭ್ರೂಣಲಿಂಗ ಪತ್ತೆಯನ್ನು ತಡೆಯಲು ಇಡೀ ದೇಶದಲ್ಲಿ ಮೊದಲು ಕಾನೂನು ಮಾಡಿದ ರಾಜ್ಯ ಮಹಾರಾಷ್ಟ್ರ, 1988ರಲ್ಲಿ. ‘ಸತ್ಯಮೇವ ಜಯತೇ’ಯ ಮೊತ್ತಮೊದಲ ಕಂತು ಇದೇ ವಿಷಯದ್ದು. ಆ ಹಳ್ಳದ ಸುತ್ತಲಿನ ಮನೆಗಳಲ್ಲಿಯೂ ಅಂದು ರವಿವಾರ ಟಿವಿ ಹಚ್ಚಿತ್ತು, ಅಲ್ಲಿಯೂ ಜನ ಅತ್ತಿದ್ದರು ಎಂದೇ ನಾನು ತಿಳಿಯುತ್ತೇನೆ. ನನ್ನ ಅಳುವಿಗಿಂತ ಅವರದು ಕಡಿಮೆಯಾಗಿತ್ತೆಂದು ಹೇಳಲು ನನಗೆ ಯಾವ ಅಧಿಕಾರವೂ ಇಲ್ಲ.

ನಮ್ಮ ತಾಲೂಕಿಗೆ ಕೃಷ್ಣೆಯ ನೀರನ್ನು ಎತ್ತಿ ತರುವ ಯೋಜನೆಯ ಹೆಸರೂ ಮ್ಹೈಸಾಳವೇ. ನಮ್ಮ ರೈತರು ಆ ಹೆಸರನ್ನು ದೇವರ ಹೆಸರಿನಂತೆ ಹೇಳುತ್ತಾರೆ.

ಕಂದಕ ತೋಡುವುದು ಹಗಲು ಬೆಳಕಿನಲ್ಲಿ, ಹತ್ತು ಜನರ ಕಣ್ಣೆದುರು. ಬಾರದವನ ಮನೆಗೆ ಹೋಗಿ ಕರೆಯಬಹುದು, ಬಂದವನ ಬೆನ್ನು ತಟ್ಟಬಹುದು. ಸೋನೋಗ್ರಾಫಿಯ ಕೋಣೆಗೆ ಬಾಗಿಲುಂಟು, ಮದುವೆಯ ಮಾತುಕತೆಗೆ ಒಳಮನೆಯುಂಟು. ಅಲ್ಲಿ ಅತ್ತೆ, ಗಂಡ, ವೈದ್ಯ ಇವರಷ್ಟೇ. ಅವರೆಲ್ಲರೂ ಒಳ್ಳೆಯವರೇ, ರವಿವಾರ ಅತ್ತವರೇ. ಆ ಬಾಗಿಲಿನೊಳಗೆ ಹೋಗುವ ಸಾಮರ್ಥ್ಯ ಯಾವ ನಟನಿಗೂ ಯಾವ ವಾಹಿನಿಗೂ ಇಲ್ಲವೆಂದು ನನಗೆ ಈಗ ತೋರುತ್ತದೆ. ಇದ್ದರೆ ಅದು ಆ ಮನೆಯವರಿಗೇ ಇರಬೇಕು; ನನ್ನ ಮನೆಯಾಕೆಯ ಆ ಒಂದು ಪ್ರಶ್ನೆಗೆ ಇದ್ದಂತೆ. ಅದೂ ಮದುವೆಗೆ ಮೊದಲು ಬರಲಿಲ್ಲ, ಮದುವೆ ಮುಗಿದ ಮೇಲೆ ಬಂತು. ಏಕೆ ತಡವಾಯಿತೆಂದು ನಾನು ಅವಳನ್ನು ಕೇಳಿಲ್ಲ.

ನೆರೆಮನೆಯ ಅಜ್ಜಿ ಈಗಿಲ್ಲ. ಅವರ ಮೊಮ್ಮಗ ಪುಣೆಯಲ್ಲಿ ನೌಕರಿಯಲ್ಲಿದ್ದಾನೆ. ಹೋದ ವರ್ಷ ಅವನಿಗೆ ಮೊದಲ ಕೂಸು, ಹೆಣ್ಣು. ಪೇಢೆ ಕೊಡಲು ಬಂದವನು, “ಅವತ್ತು ನೀವು ಹೇಳಿದ ಶಬ್ದ ನೆನಪೈತಿ ಸರ್” ಎಂದ.

ಈಚೆಗೆ ನನ್ನ ಹಳೆಯ ಶಾಲೆಗೆ ಧ್ವಜವಂದನೆಗೆ ಕರೆದಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಕಚೇರಿಯಲ್ಲಿ ಕೂತಿದ್ದಾಗ ಮೇಜಿನ ಮೇಲೆ ಒಂದನೆಯ ಇಯತ್ತೆಯ ಹಾಜರಿ ಪುಸ್ತಕವಿತ್ತು. ಹಳೆಯ ರೂಢಿ, ಕೈ ತಾನಾಗಿಯೇ ಹೋಯಿತು. ಹುಡುಗರ ಹೆಸರುಗಳು ಮುಗಿದ ಮೇಲೆ ಹುಡುಗಿಯರ ಹೆಸರುಗಳು ಬೇಗ ಮುಗಿದವು. ಸಣ್ಣ ಶಾಲೆ, ಸಣ್ಣ ಸಂಖ್ಯೆ. ಇಂಥದ್ದರಿಂದ ಏನನ್ನೂ ಸಿದ್ಧಪಡಿಸಲಾಗದೆಂದು ಗಣಿತ ಕಲಿಸಿದ ನನಗೆ ಗೊತ್ತಿದೆ. ಆದರೂ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಎಣಿಸಿದೆ.